ಹಾನಿ ನೋಡಲು ಹೋದಾಗ

ಬಿರುಗಾಳಿಗೆ ಚಾವಣಿಯ ಪತ್ರಾಸು ತಗಡು ಹಾರಿಹೋದ ಮನೆಯೊಂದರ ಹಾನಿ ನೋಡಿ ವಿಮೆ ಕಚೇರಿಗೆ ವರದಿ ಬರೆಯಲು ಕೌಜಲಗಿಗೆ ಹೋಗಿದ್ದೆ. ನೋಡಿದರೆ ಮನೆಯ ಮೇಲೆ ಹೊಸ ಪತ್ರಾಸು ಫಳಫಳ ಹೊಳೆಯುತ್ತಿತ್ತು.

"ಹಾನಿ ಎಲ್ಲೈತ್ರಿ ಅಕ್ಕಾರ?" ಅಂದೆ.

"ಸಾಹೇಬ್ರು ಬರ್ತಾರಂತ ಓಣಿ ಮಂದೆಲ್ಲಾ ಕೂಡಿ ನಿನ್ನೇನ ಹೊಚ್ಚಿದ್ರು. ಮನಿಗೆ ಬಂದವರನ್ನ ಬಿಸಲಾಗ ಕುಂಡ್ರಸಾಕ ಆಕ್ಕೈತೇನ್ರಿ?" ಎನ್ನುತ್ತ ಮನೆಯೊಡತಿ ಚಹಾ ಕೊಟ್ಟರು.

ಹಾನಿಯ ಫೋಟೊ ಇಲ್ಲದೆ ಕ್ಲೇಮು ಮುಂದೆ ಹೋಗುವುದಿಲ್ಲ. ಚಹಾ ಕೆಳಗಿಟ್ಟು ಕೇಳಿದೆ.

"ಹಳೇ ಪತ್ರಾಸು ಏನಾತ್ರಿ?"

"ಬಾಜೂಮನಿ ಕಾಕಾ ಒಯ್ದು ಕುರಿಮರಿಗೆ ಗೂಡು ಮಾಡ್ಯಾರ್ರಿ."

ಓಡಿದೆ. ಹರಿದು ಮುದ್ದೆಯಾದ ತಗಡುಗಳೆಲ್ಲ ಅಲ್ಲೇ ನಿಂತಿದ್ದವು. ಒಂದಕ್ಕೆ ಮನೆಯ ಮುರಿದ ಜಂತಿಯ ತುಂಡು ಇನ್ನೂ ಜೋತುಬಿದ್ದಿತ್ತು. ಜೀವ ಬಂದಂತಾಯ್ತು. ಮರಿಗಳ ಸಮೇತ ಫೋಟೊ ಹೊಡೆದೆ, ಕ್ಲೇಮು ಪಾಸಾಯ್ತು.

ಈಗ ನಾನು ಬರುವ ದಿನವನ್ನು ಯಾರಿಗೂ ಮೊದಲೇ ತಿಳಿಸುವುದಿಲ್ಲ. ತಿಳಿಸಿದರೆ ಮನೆ ರಿಪೇರಿ ಆಗಿಬಿಟ್ಟಿರುತ್ತದೆ.