ಬರಿಗಾಲಲ್ಲಿ ಲಾರಿ ಹತ್ತುತ್ತಿದ್ದ ಅತ್ತೆ

ಹೋದ ವಾರ ಬಡಗಿ ಬಂದಿದ್ದ. ಅಡುಗೆಮನೇಲಿ ಡಬ್ಬಿ ಜೋಡಿಸೋಕೆ ಗೋಡೆಗೊಂದು ಹಲಗೆ ಹೊಡೆಸಬೇಕಿತ್ತು. ಹೊಸ ಮರ ಯಾಕಮ್ಮ ದಂಡ, ಬಚ್ಚಲ ಹಿಂದೆ ಇಷ್ಟು ಗಟ್ಟಿ ಹಲಗೆ ಬಿದ್ದಿದೆಯಲ್ಲ ಅಂತ ಅವನೇ ಅದನ್ನ ಎಳ್ಕೊಂಡು ಬಂದು ಗರಗಸ ಇಟ್ಟ. ನಾನು ಒಳಗೆ ಸೊಪ್ಪು ಬಿಡಿಸ್ತಾ ಕೂತಿದ್ದೆ. ನಾಲ್ಕು ಸಲ ಗರಗಸ ಎಳೆದಿರಬೇಕು, ಆ ವಾಸನೆ ಬಂತು ನೋಡಿ... ಹುಳಿಗಟ್ಟಿದ ಕಬ್ಬಿನ ಹಾಲು, ಅದರ ಜೊತೆ ಡೀಸೆಲ್ಲು. ಸೊಪ್ಪು ಅಲ್ಲೇ ಚೆಲ್ಲಿ ಓಡಿದೆ. "ಅಯ್ಯೋ ನಿಲ್ಸಪ್ಪ, ನಿಲ್ಸು, ಅದನ್ನ ಮುಟ್ಬೇಡ!" ಅವನು ಗಾಬರಿಯಾಗಿ ಗರಗಸ ಕೆಳಗಿಟ್ಟ. ಈ ವಯಸ್ಸಲ್ಲಿ ಹಾಗೆ ಕೂಗಾಡಿದ್ದಕ್ಕೆ ನನಗೇ ನಾಚಿಕೆಯಾಯ್ತು.

ಅದು ಲಾರಿಯ ಹಲಗೆ. ಅವನಿಗೆ ಹೇಗೆ ಗೊತ್ತಾಗಬೇಕು ಪಾಪ. ಆವತ್ತಿಂದ ನನಗೆ ಕೂತಲ್ಲಿ ಕೂರೋಕಾಗ್ತಿಲ್ಲ. ಯಾವುದೋ ಹಾರ್ನ್ ಕೇಳಿದ್ರೂ ಎದ್ದು ಬಾಗಿಲಿಗೆ ಹೋಗ್ತೀನಿ. ಥೇಟ್ ನಮ್ಮತ್ತೆ ಥರ.

ನಾನು ಬಸರಾಳಿನ ಮೇಷ್ಟ್ರ ಮಗಳು. ಎಪ್ಪತ್ತರ ದಶಕದ ಶುರುವಿನಲ್ಲಿ ಮದ್ದೂರಿನ ಈ ಮನೆಗೆ ಸೊಸೆಯಾಗಿ ಬಂದಾಗ ಬಾಗಿಲಲ್ಲಿ ಮೂರು ಲಾರಿ ನಿಂತಿದ್ವು. ಎತ್ತಿನ ಗಾಡೀಲಿ ಮಂಡ್ಯಕ್ಕೆ ಬೆಲ್ಲ ಸಾಗಿಸಿ ಸಾಗಿಸಿ ಲಾರಿ ಮಾಡಿದ ಮಾವ ಅಷ್ಟೊತ್ತಿಗೆ ತೀರ್ಕೊಂಡಿದ್ರು. ಇಬ್ಬರು ಗಂಡುಮಕ್ಕಳು ಲಾರಿ ಓಡಿಸೋರು, ಉಳಿದ ಹೊಣೆಯೆಲ್ಲ ಅತ್ತೇದು. ಆ ಹೆಂಗಸು ಕೂತಿದ್ದನ್ನ ನಾನು ನೋಡಿದ್ದೇ ಕಮ್ಮಿ. ನಿಂತೇ ಮುದ್ದೆ ನುಂಗೋರು, ಮಾತಾಡ್ತಾ ಮಾತಾಡ್ತಾ ಅಂಗಳಕ್ಕೂ ಬೀದಿಗೂ ಹತ್ತು ಸಲ ಓಡಾಡೋರು. ಹಾರ್ನ್ ಕೇಳಿದ್ರೆ ಸಾಕು, ಸೆರಗು ಸೊಂಟಕ್ಕೆ ಸಿಗಿಸಿ ಹೋಗಿ ಟಯರು ಒದ್ದು ನೋಡೋರು. ಕಾಲಿಗೆ ಚಪ್ಪಲಿ ಹಾಕಿದೋರೇ ಅಲ್ಲ.

ಲಾರಿ ಸಿಂಗಾರದ ಹುಚ್ಚು ಆಗ ಈ ಕಡೆ ಎಲ್ರಿಗೂ ಇತ್ತು. ಒಬ್ಬ ಕ್ಯಾಬಿನ್ ತುಂಬ ಕನ್ನಡಿ ಹೊಡೆಸಿದ್ರೆ ಇನ್ನೊಬ್ಬ ಬಾಡಿ ಸುತ್ತ ಹಿತ್ತಾಳೆ ಹೂ ಬಡಿಸೋನು, ಮತ್ತೊಬ್ಬ ನೆತ್ತಿ ಮೇಲೆ ಮರದ ನವಿಲು ಕೂರಿಸೋನು. ನಮ್ಮ ಮನೆ ಎದುರಿನ ಟೀ ಅಂಗಡೀಲಿ ನಿಂತು ನಂದು ಹೆಚ್ಚು ನಿಂದು ಹೆಚ್ಚು ಅಂತ ದಿನಾ ಜಗಳ. ಒಂದಿನ ಅತ್ತೆ ರೇಗಿಹೋದ್ರು. "ಬಾಯಲ್ಯಾಕ್ರಲಾ ಬಡ್ಕತೀರಿ? ನಮ್ ಗದ್ದೆ ಬಯಲ್ಗೆ ತಂದು ನಿಲ್ಸಿ, ನೋಡೇ ಬುಡವ!"

ಹಾಗೆ ಶುರುವಾಯ್ತು. ಪ್ರತಿ ವರ್ಷ ಸಕ್ಕರೆ ಕಾರ್ಖಾನೆ ಕಬ್ಬು ಅರೆಯೋದು ನಿಲ್ಲಿಸಿದ ಮೇಲೆ, ಮಳೆ ಹಿಡಿಯೋಕೆ ಮುಂಚೆ, ನಮ್ಮ ಒಣ ಗದ್ದೇಲಿ ಲಾರಿ ಪ್ರದರ್ಶನ. ಮಂಡ್ಯ, ಮಳವಳ್ಳಿ, ದುದ್ದ, ಎಲ್ಲಾ ಕಡೆಯಿಂದ ಬರೋವು. ಓದಿದ ಸೊಸೆ ಅಂತ ನನ್ನ ಕೈಗೊಂದು ಸೀಮೆಸುಣ್ಣ, ಬಂಪರ್ ಮೇಲೆ ನಂಬರು ಬರೆಯೋ ಕೆಲಸ. ಗೆದ್ದ ಲಾರಿಗೆ ಮಾವನ ಗಾಡಿ ಎತ್ತಿನ ಕೊರಳಲ್ಲಿದ್ದ ಹಿತ್ತಾಳೆ ಗಂಟೆ. ಒಂದು ವರ್ಷ ಲಾರಿ ಮುಂದೆ ಕಟ್ಟಿಕೊಂಡು ಓಡಾಡಿ, ಮುಂದಿನ ವರ್ಷ ತಂದೊಪ್ಪಿಸಬೇಕು.

ಎರಡನೇ ವರ್ಷ ಒಬ್ಬ ಸಾಹುಕಾರ ಹೊಚ್ಚಹೊಸ ಲಾರಿ ತಂದು ನಿಲ್ಲಿಸಿದ. ಅದರ ಟಯರಿಗೆ ಒಂದು ಹನಿ ಕೆಸರು ಹತ್ತಿರಲಿಲ್ಲ. ವರ್ಷವೆಲ್ಲ ಮೈ ಮುರಿದು ಲೋಡು ಹೊಡೆದ ಡ್ರೈವರುಗಳ ಮುಖ ಸಪ್ಪಗಾಯ್ತು. ಅತ್ತೆ ಸೀರೆ ಎತ್ತಿ ಕಟ್ಟಿ ಲಾರಿ ಬಾಡಿ ಮೇಲಕ್ಕೆ ಹತ್ತಿದ್ರು. ಮುಂದಿಂದ ಹಿಂಬಾಗಿಲ ತನಕ ಬರಿಗಾಲಲ್ಲಿ ಒಂದೊಂದೇ ಹಲಗೆ ಒತ್ತಿ ಒತ್ತಿ ನಡೆದು, ಇಳಿದು, "ಇದು ದುಡಿದಿಲ್ಲ" ಅಂದ್ರು. ಕಬ್ಬು ಹೊತ್ತ ಲಾರಿ ತಳಕ್ಕೆ ಹಾಲು ಇಳಿದು ಎಣ್ಣೆ ಕುಡಿದ ಹಾಗೆ ಆಗಿರುತ್ತಂತೆ. ಕಂತೆ ಎಳೆದೂ ಎಳೆದೂ ಹಿಂಬಾಗಿಲ ಹತ್ರ ಹಲಗೆ ಸವೆದು ಹಳ್ಳ ಬಿದ್ದಿರುತ್ತಂತೆ. "ಕಣ್ಗೆ ಬಣ್ಣ ಬಳೀಬೌದು ಕಣ್ಲಾ, ನನ್ ಕಾಲ್ಗೆ ಬಳಿಯಕಾಯ್ತದಾ?" ಅಂತ ಸಾಹುಕಾರನ ಮುಖದ ಮೇಲೇ ಕೇಳಿದ್ರು. ಡ್ರೈವರುಗಳು ಹೋ ಅಂತ ಕೂಗಿದ್ರು. ಆಮೇಲಿಂದ ಅದೇ ಕಾನೂನು. ಸಿಂಗಾರ ಎಷ್ಟೇ ಇರಲಿ, ಅತ್ತೆ ಕಾಲು ಒಪ್ಪಬೇಕು.

ನನ್ನ ಮೈದುನನಿಗೆ, ಅಂದ್ರೆ ಅತ್ತೆಯ ಕಿರೀ ಮಗನಿಗೆ, ಆ ಗಂಟೆ ಮೇಲೇ ಕಣ್ಣು. ಅಪ್ಪನ ಗಂಟೆ ಕಂಡೋರ ಲಾರೀಲಿ ಕುಣೀತದೆ, ನಮ್ಮ ಲಾರೀಲಿ ಒಂದು ವರ್ಷವೂ ಇಲ್ಲ ಅಂತ ಕೊರಗು. ಮನೆ ಲಾರಿಗೆ ಕೊಟ್ರೆ ಜನ ಆಡ್ಕೋತಾರೆ ಅಂತ ಅತ್ತೆ ಪ್ರತಿ ಸಲ ತಪ್ಪಿಸೋರು. ಇದೇ ಮಾತಿಗೆ ತಾಯಿಗೂ ಮಗನಿಗೂ ಜೋರು ಜಗಳವಾಗಿ, ಅವನು ತನ್ನ ಪಾಲಿನ ಲಾರಿ ತಗೊಂಡು ಮಳವಳ್ಳಿ ಕಡೆ ಹೋಗಿ ಬೇರೆ ದುಡಿಯೋಕೆ ನಿಂತ. ಆ ವರ್ಷ ಪೂರ್ತಿ ಮನೆ ಕಡೆ ತಲೆ ಹಾಕಿದ್ದು ಎರಡೋ ಮೂರೋ ಸಲ. ಬಂದೋರು ಹೋದೋರು ಚಾಡಿ ತರೋರು, ನಿನ್ನ ಮಗ ಬಡಗಿ ಶೆಡ್ಡಲ್ಲಿ ಲಾರಿಗೆ ಒಡವೆ ತೊಡಿಸ್ತಾ ಕೂತವ್ನೆ, ಲೋಡೆಲ್ಲಿ ಹೊಡೀತಾನೆ ಅಂತ. ಅತ್ತೆ ಅಂಗಳದಲ್ಲಿ ಇನ್ನೆರಡು ಸುತ್ತು ಜಾಸ್ತಿ ತಿರುಗೋರು ಅಷ್ಟೆ.

ಪ್ರದರ್ಶನಕ್ಕೆ ವಾರ ಇರುವಾಗ ಒಂದು ಮಧ್ಯಾಹ್ನ ಮೈದುನ ಬಂದ. ಅತ್ತೆ ಶಿವಪುರಕ್ಕೆ ಮದುವೆ ಊಟಕ್ಕೆ ಹೋಗಿದ್ರು. ಒಂದಷ್ಟು ಹಳೇ ಹಲಗೆ ಇಳಿಸಿ ಹಿತ್ತಿಲಿಗೆ ಹಾಕಿ, "ಸೌದೆಗಾಯ್ತದೆ ಮಡೀಕೊ ಅತ್ಗೆ" ಅಂದ. ನೀರು ಕೊಟ್ಟೆ. ಕುಡಿದು ಎಲ್ಲಾ ಹೇಳಿದ. ಆ ವರ್ಷದ ಕೊನೇ ಲೋಡು ಇಳಿಸುವಾಗ ತಳದ ಹಲಗೆ ಮುರಿದು ಹಮಾಲಿಯೊಬ್ಬನ ಕಾಲು ಒಳಕ್ಕೆ ಹೋಗಿ ಮೊಣಕಾಲ ತನಕ ಸುಲಿದುಹೋಗಿತ್ತಂತೆ. ಮಂಡ್ಯ ಆಸ್ಪತ್ರೇಲಿ ಕಟ್ಟು ಹಾಕಿಸಿ ಬಂದಿದ್ದ. ಇನ್ಯಾರಿಗೂ ಹಾಗಾಗಬಾರದು ಅಂತ ತಳವನ್ನೆಲ್ಲ ಕಿತ್ತು ಹೊಸ ಹಲಗೆ ಹೊಡೆಸಿದ್ದ.

"ಅಲಗೆ ನೋಡ್ಕಳ್ಳಾ ಅಂತ ಅವ್ವ ಓದ್ ವರ್ಸನೇ ಏಳಿತ್ತು. ನಾನು ಕನ್ನಡಿ ಹಿತ್ತಾಳೆ ಅಂತ ಕುಣ್ಕಂಡು ಇದನ್ನ ಬುಟ್ಬುಟ್ಟೆ. ಅವ್ವಂಗೆ ಏಳ್ಬೇಡ ಅತ್ಗೆ, ಅವ್ನ ಕಾಲು ವಾಸಿಯಾಗ್ಲಿ, ನಾನೇ ಏಳ್ತೀನಿ" ಅಂದ. ನಾನು ಹೂಂ ಅಂದೆ. ಹೊಸ ಹಲಗೆ ಅಂದಾಗ ನನಗೆ ಅತ್ತೆಯ ಕಾಲು ನೆನಪಾಯ್ತು, ಆದ್ರೂ ಹೂಂ ಅಂದೆ.

ಪ್ರದರ್ಶನದ ದಿನ ಅವನ ಲಾರಿ ಬಯಲಿಗೆ ಇಳಿದಾಗ ಜನ ಬಾಯಿ ಮೇಲೆ ಕೈ ಇಟ್ಕೊಂಡ್ರು. ಅಷ್ಟು ಚೆನ್ನಾಗಿತ್ತು. ಕ್ಯಾಬಿನ್ ಸುತ್ತ ಕೆತ್ತಿದ ಬಳ್ಳಿ, ಬಳ್ಳಿಗೆ ಹಿತ್ತಾಳೆ ಎಲೆ, ಮುಂದುಗಡೆ ನಡುಮಧ್ಯೆ ಒಂದು ಖಾಲಿ ಕೊಕ್ಕೆ. ಗಂಟೆಗೆ ಅಂತಲೇ ಮಾಡಿಸಿದ್ದ. ನಾನು ನಂಬರು ಬರೆಯೋಕೆ ಹೋದಾಗ ಅದನ್ನ ನೋಡಿ ಬರೀತಿದ್ದ ನಂಬರು ಅರ್ಧಕ್ಕೇ ನಿಲ್ಲಿಸಿದೆ. ಹೇಳಿಬಿಡಲಾ, ಬೇಡವಾ, ಹೇಳಲಾ... ಅತ್ತೆ ಒಂದೊಂದೇ ಲಾರಿ ಹತ್ತಿ ಇಳೀತಾ ಬರ್ತಿದ್ರು. ನಾನು ಅವರ ಹಿಂದೆ ಸೀಮೆಸುಣ್ಣ ಹಿಸುಕ್ತಾ ಸುತ್ತುತ್ತಿದ್ದೆ.

ಮಗನ ಲಾರಿ ಹತ್ತಿದ್ರು. ಎರಡು ಹೆಜ್ಜೆ ಇಟ್ಟು ನಿಂತ್ರು. ಮತ್ತೆ ಹಿಂಬಾಗಿಲ ತನಕ ಬಂದು, ಕಾಲಬೆರಳಲ್ಲಿ ತಡವಿ ತಡವಿ ನೋಡಿದ್ರು. ಹಳ್ಳ ಇರಲಿಲ್ಲ. ಹೇಗಿರುತ್ತೆ? ಕೆಳಗಿಳಿದು ಅಷ್ಟೂ ಜನದ ಎದುರು, "ಇದು ದುಡ್ದ ಲಾರಿ ಅಲ್ಲ ಕಣ್ಲಾ. ಮೆರ್ಸಕೆ ಮಡಗಿರೋ ಲಾರಿ" ಅಂದ್ರು.

ಮೈದುನ ನನ್ನ ಕಡೆ ನೋಡಿದ. ಒಂದೇ ಸಲ. ನಾನು ಕೈಯಲ್ಲಿದ್ದ ಸೀಮೆಸುಣ್ಣ ನೋಡಿದೆ. ಮಾತು ಕೊಟ್ಟಿದ್ದೆ ಅಂತ ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳ್ಕೊಂಡಿದ್ದೀನಿ. ಅದೆಲ್ಲ ನೆಪ. ಅಷ್ಟು ಗಂಡಸರ ಮುಂದೆ ಅತ್ತೆ ಮಾತಿಗೆ ಎದುರು ಹೇಳೋಕೆ ಹೆದರಿದ್ದೆ, ಅಷ್ಟೆ. ಗಂಟೆ ಮದ್ದೂರಿನ ಒಬ್ಬ ಡ್ರೈವರಿಗೆ ಹೋಯ್ತು. ಮೈದುನ ಹಾರ್ನ್ ಕೂಡ ಹೊಡೀದೆ ಮಳವಳ್ಳಿ ರಸ್ತೆ ಹಿಡಿದ.

ಆಮೇಲಿನ ದಿನಗಳು... ದೇವರೇ. ಮನೇಲಿ ಯಾರೂ ನೆಟ್ಟಗೆ ಊಟ ಮಾಡಲಿಲ್ಲ. ನಮ್ಮೆಜಮಾನ್ರು ದೂರದ ಲೋಡಿಗೆ ಹೋಗಿದ್ರು. ರಸ್ತೇಲಿ ಲಾರಿ ಸದ್ದಾದ್ರೆ ಅತ್ತೆ ಗೇಟಿಗೆ, ಹಿಂದೆ ನಾನು. "ಅವ್ನಲ್ಲ" ಅಂತ ವಾಪಸ್ ಬರೋರು. ಹೇಳಬೇಕು ಅಂತ ನಾನು ದಿನಾ ಬೆಳಿಗ್ಗೆ ಎದ್ದೇಳ್ತಿದ್ದೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದ್ರೆ ಏನನ್ನಲಿ ಅಂತ ಮಧ್ಯಾಹ್ನದ ಹೊತ್ತಿಗೆ ಸುಮ್ಮನಾಗ್ತಿದ್ದೆ. ಹೀಗೇ ಎಂಟು ಹತ್ತು ದಿನ ಕಳೀತು. ಮೊದಲ ಮಳೆ ಬಿದ್ದು ಬಟ್ಟೆ ಒಗೆಯೋ ಕಲ್ಲಿನ ಸುತ್ತ ಕೆಸರಾಯ್ತು. ಕಾಲು ಜಾರ್ತದೆ ಅಂತ ಹಿತ್ತಿಲಿಂದ ಒಂದು ಹಲಗೆ ಎಳೆದು ಅಲ್ಲಿ ಹಾಕಿದೆ. ಬೇಕಂತ ಹಾಕಿದೆನಾ? ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ.

ಬೆಳಿಗ್ಗೆ ಅತ್ತೆ ಕಾಲು ತೊಳೆಯೋಕೆ ಬಂದು ಅದರ ಮೇಲೆ ನಿಂತ್ರು. ಚೊಂಬು ಕೈಯಲ್ಲೇ ಉಳೀತು. ಕಾಲಬೆರಳು ಹಲಗೆಯ ಹಳ್ಳ ಹುಡುಕ್ಕೊಂಡು ಹೋದದ್ದನ್ನ ನಾನು ನೋಡಿದೆ. "ಇದ್ಯಾವ್ ಲಾರಿದವ್ವ?" ಅಂದ್ರು. ನಾನು ಅಳ್ತಾ ಎಲ್ಲಾ ಹೇಳಿದೆ.

ಬೈತಾರೆ ಅಂದ್ಕೊಂಡಿದ್ದೆ. ಬೈದಿದ್ರೇ ಚೆನ್ನಾಗಿತ್ತು. "ಓದಿರೋಳು ಕಣವ್ವ ನೀನು. ಒಂದ್ ಮಾತು ಏಳಕಾಯ್ತಿರ್ಲಿಲ್ವಾ?" ಅಂದ್ರು. ಅಷ್ಟೇ. ಕೆಸರು ಮೆತ್ತಿದ ಹಲಗೆ ಎತ್ತಿ ಹೆಗಲ ಮೇಲಿಟ್ಕೊಂಡು ರಸ್ತೆಗೆ ಹೊರಟೇಬಿಟ್ರು. ನಾನು ಕೈ ಒರೆಸ್ಕೊಂಡು ಹಿಂದೆ ಓಡಿದೆ. ಗುರುತಿನ ಲಾರಿ ಸಿಕ್ತು. ಮಳವಳ್ಳಿ ತನಕ ಅತ್ತೆ ಬಾಡೀಲೇ ನಿಂತಿದ್ರು, ಕ್ಯಾಬಿನ್ನಿಗೆ ಬನ್ನಿ ಅಂದ್ರೂ ಬರಲಿಲ್ಲ. "ಬಿರ್ರನೆ ಓಡ್ಸ್ಲಾ" ಅಂತ ದಾರಿಯುದ್ದಕ್ಕೂ ಕ್ಯಾಬಿನ್ ಬಡೀತಿದ್ರು.

ಬಡಗಿ ಶೆಡ್ಡಲ್ಲಿ ಮೈದುನ ಇದ್ದ. ಐದಾರು ಜನ ಡ್ರೈವರುಗಳೂ ಇದ್ರು. ಅತ್ತೆ ಎಲ್ರ ಎದುರಿಗೆ ಹಲಗೆ ನೆಲಕ್ಕೆ ಹಾಕಿ ಅದರ ಮೇಲೆ ನಿಂತು, "ನನ್ ಕಾಲು ಸುಳ್ಳೇಳ್ಬುಡ್ತು ಕಣ್ಲಾ ಮಗ. ನೀನು ದುಡ್ದಿದೀಯ" ಅಂದ್ರು. ಅತ್ತೆ ತಪ್ಪೊಪ್ಪಿಕೊಂಡಿದ್ದನ್ನ ನಾನು ಅದೊಂದೇ ಸಲ ಕೇಳಿದ್ದು.

ಅವನು ತಲೆ ತಗ್ಗಿಸ್ಕೊಂಡು, "ಲಾರಿ ಓಯ್ತು ಕಣವ್ವ. ಸೋಮ್ವಾರನೇ ಮಾರ್ಬುಟ್ಟೆ" ಅಂದ.

ಅತ್ತೆ ಅದೇ ಹಲಗೆ ಮೇಲೆ ಕೂತ್ರು. ನೀರು ಕೊಟ್ರೂ ಏಳಲಿಲ್ಲ. ಬಿಸಿಲು ಇಳಿಯೋ ತನಕ ಕೂತೇ ಇದ್ರು.

ಸುದ್ದಿ ತಿಳಿದು ಗಂಟೆ ಗೆದ್ದಿದ್ದ ಡ್ರೈವರ್ ಅದನ್ನ ತಾನಾಗೇ ತಂದುಕೊಟ್ಟ, ಒಳ್ಳೇ ಮನುಷ್ಯ. ಅತ್ತೆ ಅದನ್ನ ಮಗನಿಗೆ ಕೊಡೋಕೆ ಹೋದ್ರು. ಅವನು ಆಗಲೇ ಇನ್ನೊಬ್ಬರ ಲಾರೀಲಿ ಸಂಬಳಕ್ಕೆ ಸೇರಿದ್ದ. "ಕಂಡೋರ್ ಲಾರಿಗೆ ಅಪ್ಪನ ಗಂಟೆ ಯಾಕವ್ವ" ಅಂತ ಕೈ ಮುಂದೆ ಮಾಡಲೇ ಇಲ್ಲ. ಹಬ್ಬಕ್ಕೆ ಬರೋನು, ತಾಯಿ ಕೈ ಊಟ ಉಣ್ಣೋನು, ನನ್ನನ್ನೂ ಅತ್ಗೆ ಅಂತ ನಗುನಗ್ತಾ ಮಾತಾಡಿಸೋನು. ಸ್ವಂತ ಲಾರಿ ಮಾತ್ರ ಮತ್ತೆ ಮಾಡಲಿಲ್ಲ. ನಮ್ಮ ಬಯಲಲ್ಲಿ ಪ್ರದರ್ಶನವೂ ಮತ್ತೆ ನಡೀಲಿಲ್ಲ. ಜನ ಬಂದು ಕೇಳಿದ್ರೆ ಅತ್ತೆ ಕೈ ಆಡಿಸಿ ಒಳಗೆ ಹೋಗೋರು. ಮಳವಳ್ಳಿಯಿಂದ ಬಂದ ವಾರದ ಸಂತೇಲೇ ಒಂದು ಜೊತೆ ಚಪ್ಪಲಿ ತಂದ್ರು. ಸಾಯೋ ತನಕ ಅಂಗಳಕ್ಕೂ ಚಪ್ಪಲಿ ಮೆಟ್ಟೇ ಇಳಿದ್ರು.

ಅವರು ಹೋಗಿ ಇಪ್ಪತ್ತು ವರ್ಷದ ಮೇಲಾಯ್ತು. ಮೈದುನ ಮೂರು ವರ್ಷದ ಹಿಂದೆ ಹೋದ. ಗಂಟೆ ದೇವರ ಗೂಡಲ್ಲಿದೆ.

ಬಡಗಿಗೆ ಕಾಫಿ ಕೊಟ್ಟು, ಅಡುಗೆಮನೆಗೆ ಹೊಸ ಮರವೇ ತಾ ಅಂತ ಕಳಿಸಿದೆ. ಆವತ್ತು ಮಳವಳ್ಳಿಯಿಂದ ಅತ್ತೆ ಮತ್ತೆ ಹೊತ್ತು ತಂದಿದ್ದ ಆ ಹಲಗೆಯ ಒಂದು ಮೂಲೇಲಿ ಗರಗಸ ಕಚ್ಚಿದ ಗೆರೆ ಹಾಗೇ ಉಳಿದಿದೆ. ಮನೇಲಿ ಯಾರೂ ಇಲ್ಲದಾಗ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೆ. ಕಣ್ಣು ಮುಚ್ಚಿ ಬೆರಳಲ್ಲಿ ತಡವಿದೆ. ತಣ್ಣಗಿತ್ತು. ದುಡಿದದ್ದೋ ದುಡೀದೆ ಇದ್ದದ್ದೋ, ನನ್ನ ಕಾಲಿಗೆ ಏನೂ ತಿಳೀಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ. ಆವತ್ತು ಆ ಬಯಲಲ್ಲಿ ನಾನು ಬಾಯಿ ಬಿಟ್ಟಿದ್ರೆ ಸಾಕಾಗಿತ್ತು.