ನಾನು ತೂಕಡಿಸಿದ ನಾಟಕ

ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸಣ್ಣ ನಾಟಕ ಕಂಪನಿಯ ತಾಲೀಮು ನಡೆಯುತ್ತದೆ. ನಡೆಸುವವರು ಒಬ್ಬ ನಿವೃತ್ತ ಮಾಸ್ತರರು. ಹಳೆಯ ನಾಟಕ ಅವರು ಮುಟ್ಟುವುದಿಲ್ಲ. ಈಗಷ್ಟೇ ಬರೆಯಲು ಶುರು ಮಾಡಿದವರ ನಾಟಕಗಳನ್ನೇ ಆಡಿಸುತ್ತಾರೆ. ಆಡಿಸುವ ಮೊದಲು ಅದನ್ನು ಓದುತ್ತಾರೆ, ಕೇಳುವುದಕ್ಕೆ ನನ್ನಂಥ ಐದು ಮಂದಿಯನ್ನು ಕೂರಿಸುತ್ತಾರೆ. ನಾನು ಕಲಿತದ್ದು ಮೂರನೇ ಇಯತ್ತೆ. ಕೇಳುವವರಲ್ಲಿ ಒಬ್ಬರು ತೂಕಡಿಸಿದರೂ ನಾಟಕ ವಾಪಸು. ಬರೆದವರು ಹಿಂದೆ ಕೂತಿರಬೇಕು, ಬಾಯಿ ಬಿಡುವಂತಿಲ್ಲ.

ಹೋದ ವರ್ಷ ಎಂ.ಕೆ. ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳು ತನ್ನ ಮೊದಲ ನಾಟಕ ತಂದಳು. ಅವಳ ಅಪ್ಪ ಕಬ್ಬಿನ ಟ್ರ್ಯಾಕ್ಟರ್ ಡ್ರೈವರ್. ನಾಟಕವೆಲ್ಲ ನಡೆಯುವುದು ಒಂದು ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ, ಕಾದು ನಿಂತ ಟ್ರ್ಯಾಕ್ಟರುಗಳ ಸಾಲಿನಲ್ಲಿ. ಅಲ್ಲೇ ಅಡಿಗೆ, ಅಲ್ಲೇ ಜಗಳ, ಅಲ್ಲೇ ಒಂದು ಮದುವೆ ಮಾತುಕತೆ. ಶುರುವಿನಲ್ಲಿ ನಕ್ಕೆ. ಆಮೇಲೆ ಏನಾಯಿತೋ ಗೊತ್ತಿಲ್ಲ. ಪಕ್ಕದಾಕೆ ಮೊಣಕೈಯಿಂದ ತಿವಿದಾಗ ಎಚ್ಚರವಾಯಿತು. ಮಾಸ್ತರರು ಓದು ನಿಲ್ಲಿಸಿದ್ದರು. ಹುಡುಗಿ ಎದ್ದು ಬಂದು ಹಾಳೆಗಳನ್ನು ಇಸಿದುಕೊಂಡು, ನನ್ನ ಕಡೆ ನೋಡದೆ ಹೋದಳು.

ತಪ್ಪು ನಾಟಕದ್ದಲ್ಲ. ಅವತ್ತು ನೆಗಡಿಗೆಂದು ಗುಳಿಗೆ ನುಂಗಿದ್ದೆ, ಒಂದರ ಬದಲು ಎರಡು. ಅಲ್ಲೇ ಹೇಳಬೇಕಿತ್ತು. ಊರಿಗೆಲ್ಲ ಮುಖದ ಮೇಲೆ ಹೇಳುವವಳು, ನನ್ನ ವಿಷಯ ಬಂದಾಗ ಸುಮ್ಮನಾದೆ. ಎಂಟು ದಿನ ಬಿಟ್ಟು ಮಾಸ್ತರರು ಅಂದರು, ಆ ಹುಡುಗಿ ಫೋನು ಎತ್ತುತ್ತಿಲ್ಲ, ಬರೆಯುವುದನ್ನೇ ಬಿಟ್ಟಳೋ ಏನೋ ಎಂದು. ಆಗ ಗುಳಿಗೆಯ ಸಂಗತಿ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ನನಗೇಕೆ ಹೇಳುತ್ತೀರಿ, ಅವಳಿಗೆ ಹೇಳಿ ಎಂದರು.

ಮರುದಿನ ಕಿತ್ತೂರಿಗೆ ಹೋಗಿ, ಅಲ್ಲಿಂದ ಅವಳ ಊರಿನ ಬಸ್ಸು ಹಿಡಿದೆ. ಹುಡುಗಿ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಿಂತೇ ಹೇಳಿದೆ.

"ಗುಳಿಗಿ ನುಂಗಿದ್ದೆ ತಂಗಿ, ಅದಕ್ಕ ನಿದ್ದಿ ಹತ್ತಿತು. ನಿನ್ನ ನಾಟಕದ್ದೇನ ತಪ್ಪಿಲ್ಲ."

ಅವಳು ಕೈ ತೊಳೆದುಕೊಂಡು ಒಳಗಿನಿಂದ ಹಾಳೆಗಳನ್ನು ತಂದಳು. ಫೋನು ಎತ್ತದಿದ್ದದ್ದು ಸಿಟ್ಟಿಗಲ್ಲವಂತೆ. ತಿದ್ದಿ ಮುಗಿಸುವ ತನಕ ಯಾರ ಮಾತೂ ಬೇಡ ಅನಿಸಿತ್ತಂತೆ.

"ಡ್ರೈವರ್ ಒಬ್ಬನ ಕುಂತು ತನ್ನ ಹಣೇಬಾರಾ ಹೇಳ್ಕೋತಾನಲ್ರಿ ಆಯಿ, ನೀವು ಮಲಗಿದ್ದು ಅಲ್ಲಿ. ಮನ್ಯಾಗ ನಮ್ಮ ಅಬ್ಬಾಗ ಓದಿ ಹೇಳಿದೆ. ಅವರು ಗುಳಿಗಿ ನುಂಗಿದ್ದಿಲ್ಲ. ಅವರೂ ಅಲ್ಲೇ ಗೊರಕಿ ಹೊಡದ್ರು. ನಾಕ್ ಹಾಳಿ ತಗದು ಒಗದೇನ್ರಿ."

ನಗು ಬಂತು. ಇಷ್ಟು ದೂರ ಸುಮ್ಮನೆ ಬಂದೆನಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು. ಹೊಸದನ್ನು ಓದು ಎಂದೆ. ಈಗ ಆ ಡ್ರೈವರ್ ಗೋಳು ಹೇಳಿಕೊಳ್ಳುವುದಿಲ್ಲ. ಮುಂದಿನ ಟ್ರ್ಯಾಕ್ಟರಿನವನ ಗಡ್ಡ ಹೆರೆಯುತ್ತ ತನ್ನ ಮಗಳಿಗೆ ಅವನ ಮಗನನ್ನು ಕೇಳುತ್ತಾನೆ. ಬ್ಲೇಡು ಕುತ್ತಿಗೆಯ ಮೇಲಿರುವಾಗ ಅವನು ಇಲ್ಲ ಎನ್ನುವುದು ಹೇಗೆ? ನಾಟಕದ ಕೊನೆಯಲ್ಲಿ ಅಳು ಜಾಸ್ತಿಯಾಗಿದೆ, ಅದನ್ನೂ ತೆಗೆ ಎಂದೆ. ತೆಗೆಯುವುದಿಲ್ಲ ಎಂದಳು. ಚಹಾ ಕುಡಿದು ಬಂದೆ.

ಎರಡನೇ ಓದಿಗೆ ಮಾಸ್ತರರು ಬೇರೆ ಐದು ಮಂದಿಯನ್ನು ಕೂರಿಸಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವರ ಮುಖ ನೋಡಿದೆ. ಗಡ್ಡ ಹೆರೆಯುವ ಭಾಗ ಬಂದಾಗ ಒಬ್ಬಾತ ತನ್ನ ಕುತ್ತಿಗೆ ಮುಟ್ಟಿಕೊಂಡ. ನಾನು ತೆಗೆ ಎಂದ ಅಳುವಿಗೆ ಇಬ್ಬರು ಹೆಂಗಸರು ಕಣ್ಣಿಗೆ ಸೆರಗು ಹಿಡಿದರು. ನನಗೆಲ್ಲ ತಿಳಿಯುತ್ತದೆ ಅಂತಲ್ಲ. ಒಬ್ಬರೂ ತೂಕಡಿಸಲಿಲ್ಲ, ಓದು ಮುಗಿದರೂ ಜಾಗ ಬಿಟ್ಟು ಏಳಲಿಲ್ಲ. ಮಾಸ್ತರರು ಅಲ್ಲೇ ಪಾತ್ರ ಹಂಚಲು ಕೂತರು. ಹುಡುಗಿ ಅಂಗಳಕ್ಕೆ ಹೋಗಿ ಅಪ್ಪನಿಗೆ ಫೋನು ಹಚ್ಚಿದಳು.