ಮೀನಿಗೆ ಮನೆ ಹುಡುಕಿದ ಅಯ್ಯನವರು
ಸಿಂದಗಿ ಬಸ್ ನಿಲ್ದಾಣದೆದುರು, ಮನೆಯ ಪಡಸಾಲೆಯಲ್ಲೇ ಗಡಿಯಾರ ರಿಪೇರಿ ಮಾಡುವ ಚನ್ನಬಸಯ್ಯನವರು ಮೀನೆಂಬ ಶಬ್ದ ಕಿವಿಗೆ ಬಿದ್ದರೂ ಸ್ನಾನ ಮಾಡುವಂಥ ಮಡಿವಂತರು. ಆದರೂ ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಸಮುದ್ರದ ಮೀನೊಂದನ್ನು ಸಾಕಿದ್ದರು. ಮುಂಬೈಯ ಗಿರಾಕಿಯೊಬ್ಬ ಬಿಟ್ಟುಹೋದಾಗ ಅದು ಕಿರುಬೆರಳಿನಷ್ಟಿತ್ತು. ಎಪ್ಪತ್ತಾರರ ಬೇಸಿಗೆಯ ಹೊತ್ತಿಗೆ, ಅದು ಆಕಳಿಸಿದರೆ ತೊಟ್ಟಿಯ ನೀರೆಲ್ಲ ಬಾಯೊಳಗೆ ಹೋಗಿ ಮೀನೇ ಒಣನೆಲದಲ್ಲಿ ನಿಲ್ಲುವಷ್ಟು ಬೆಳೆದಿತ್ತು. ಡಬ್ಬಿಗಳಲ್ಲಿ ಸಮುದ್ರದ ನೀರು ತಂದು ತಂದು ಕಾರವಾರದ ಲಾರಿ ಡ್ರೈವರ್ ವೆಂಕಟೇಶ ಹರಿಕಂತ್ರ ಸೋತುಹೋದ. ದೊಡ್ಡ ಮನೆ ಸಿಗದಿದ್ದರೆ ಮೀನು ಉಳಿಯುವಂತಿರಲಿಲ್ಲ. ಅಯ್ಯನವರು ಮಗಳಿಗೆ ವರ ಹುಡುಕುವವರಂತೆ ಇಂಡಿ, ಮುದ್ದೇಬಿಹಾಳ ಸುತ್ತಿದರು. "ನಮ್ಮದು ಜ್ವಾಳದ ರೊಟ್ಟಿ ತಿಂದು ಬೆಳದ ಮೀನ್ರಿ, ಮೀನ ತಿನ್ನೋರ ಮನಿಗೆ ಕೊಡಂಗಿಲ್ಲ" ಎಂಬುದು ಅವರ ಷರತ್ತು. ಬಾಗೇವಾಡಿಯ ಸಾಹುಕಾರ ಗುರಣ್ಣ, "ಸೀನೀರಿನ ಬಾವಿ ಐತ್ರಿ ಅಯ್ಯನವರ, ಬಿಡ್ರಿ" ಎಂದರೆ, "ಸೀನೀರು ಆಕಿಗೆ ವಿಷ ಇದ್ದಂಗ್ರಿ" ಎಂದು ಕೊಟ್ಟ ಚಹಾ ಬಿಟ್ಟು ಎದ್ದು ಬಂದರು. ಕೊನೆಗೆ ಹರಿಕಂತ್ರನೇ, ಕಡಲ ದಂಡೆಯಲ್ಲಿ ತನ್ನಣ್ಣ ಕಟ್ಟಿಸಿದ ದೊಡ್ಡ ತೊಟ್ಟಿಗೆ ಒಯ್ಯಲು ಡ್ರಮ್ ತಂದ. ಮೀನು ತಿನ್ನುವವರ ಮನೆಯಾದರೂ ಬೇರೆ ದಾರಿ ಕಾಣದೆ ಅಯ್ಯನವರು ಷರತ್ತು ಬಿಟ್ಟರು. ಅಯ್ಯನವರ ಹೆಂಡತಿ ಗುರವ್ವ, ಮೀನಿಗೆ ಸೆರಗಿಲ್ಲವೆಂದು ಡ್ರಮ್ಮಿನ ಮುಂದೆಯೇ ಅಕ್ಕಿ, ಕೊಬ್ಬರಿ ಇಟ್ಟು ಉಡಿ ತುಂಬಿದರು. "ಅಯ್ಯನವ್ರೇ, ಇದ್ದದ್ದು ಹೇಳಿ, ಇದು ತಿನ್ನೂದು ಏನು? ರೊಟ್ಟಿ ಹಾಕಿದ್ರೆ ಸತ್ತೇ ಹೋಗ್ತದೆ" ಎಂದ ಹರಿಕಂತ್ರ. ಅಯ್ಯನವರು ಹೆಂಡತಿ ಒಳಗೆ ಹೋಗುವವರೆಗೆ ಕಾದು, ಗಡಿಯಾರದ ಮುಳ್ಳುಗಳನ್ನಿಡುವ ಡಬ್ಬಿಯೊಂದನ್ನು ಅವನ ಕೈಗಿಟ್ಟರು. ಅದರ ತುಂಬ ಒಣ ಸೀಗಡಿ. "ಕೈಯಾಗ ಹಿಡದು ತಿನಸಬೇಕಪಾ," ಎಂದರು ಮೆಲ್ಲಗೆ, "ಸುಮ್ಮ ಒಗದ್ರ ಮುಟ್ಟಂಗಿಲ್ಲ."